ಧ್ವನಿ ಪುಸ್ತಕಕ್ಕೆ ಯಾವ ಸಲಕರಣೆ ಬೇಕು?

(ಕೊಕ್ಕರ್ಣೆಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಧ್ವನಿಮುದ್ರಣ ಕೊಠಡಿಯ ಪ್ರಸ್ತಾಪದ ಬಗ್ಗೆ ಮಾಡಿದ ಭಾಷಣದ ಬರಹ ರೂಪ)





ಈ ವರ್ಷ ಬಂದ ಅರ್ಜಿಗಳಲ್ಲಿ ಮೂರು ಅರ್ಜಿ ದೃಷ್ಟಿ ಇಲ್ಲದ ವಿದ್ಯಾರ್ಥಿಗಳದ್ದು ಎಂದು ಕಾರ್ಯದರ್ಶಿಗಳು ವರದಿಯಲ್ಲಿ ಓದಿದರು. ಇಬ್ಬರು ಪಿಯುಸಿಯಲ್ಲಿದ್ದಾರೆ, ಒಬ್ಬಳು ಬಿ.ಎ. ಓದುತ್ತಿದ್ದಾಳೆ. ಇವರಿಗೆ ಫೀಸು ಕಟ್ಟಿಬಿಟ್ಟರೆ ನಮ್ಮ ಕೆಲಸ ಮುಗಿಯುವುದಿಲ್ಲ, ಪುಸ್ತಕ ಓದಿ ಹೇಳುವವರೂ ಬೇಕು. ಹಾಗಾಗಿ ಮದ್ರಸದ ಮೇಲಿನ ಕೋಣೆಯಲ್ಲಿ ಪಠ್ಯಗಳನ್ನು ಓದಿ ಮುದ್ರಿಸುವ ಸಣ್ಣ ಸ್ಟುಡಿಯೋ ಮಾಡಬೇಕೆಂದು ಟ್ರಸ್ಟಿಗಳು ಯೋಚಿಸಿದ್ದಾರೆ. ಒಂದು ಅಂಗಡಿಯಿಂದ ಕೊಟೇಶನ್ ಕೂಡ ತರಿಸಿದ್ದಾರೆ, 2,40,000 ರೂಪಾಯಿಯದ್ದು. ಧ್ವನಿಮುದ್ರಣದ ಕೆಲಸ ಮಾಡಿದವನು ಎಂಬ ಕಾರಣಕ್ಕೆ ಅದನ್ನು ನೋಡಿ ಅಭಿಪ್ರಾಯ ಹೇಳಲು ನನ್ನನ್ನು ಕರೆದಿದ್ದಾರೆ.

ನಾವು ಒಬ್ಬ ಪಿಯುಸಿ ವಿದ್ಯಾರ್ಥಿಗೆ ಈಗ ಕೊಡುತ್ತಿರುವುದು ವರ್ಷಕ್ಕೆ 8,000 ರೂಪಾಯಿ. ಆ ಕೊಟೇಶನ್ ಎಂದರೆ 30 ಮಕ್ಕಳ ಒಂದು ವರ್ಷದ ಓದು. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಆ ಪಟ್ಟಿಯನ್ನು ಓದಿದೆ.

ಪಟ್ಟಿಯಲ್ಲಿ ಇರುವುದು ಎಂಟು ಚಾನೆಲ್‌ಗಳ ಇಂಟರ್‌ಫೇಸ್, ಎರಡು ದೊಡ್ಡ ಕಂಡೆನ್ಸರ್ ಮೈಕು, ಒಂದು ಜೋಡಿ ಮಾನಿಟರ್ ಸ್ಪೀಕರ್, ನಾಲ್ಕೂ ಗೋಡೆಗೆ ಫೋಮ್, ಲೈಸೆನ್ಸ್ ಇರುವ ಸಾಫ್ಟ್‌ವೇರ್. ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಯಾರೂ ತಿಳಿಯಬೇಡಿ. ಹಾಡು, ವಾದ್ಯ ಮುದ್ರಿಸುವ ಸ್ಟುಡಿಯೋಗೆ ಇವೆಲ್ಲ ಬೇಕಾಗುತ್ತವೆ. ನಮ್ಮಲ್ಲಿ ಒಬ್ಬರು ಕೂತು ಪುಸ್ತಕ ಓದುತ್ತಾರೆ, ಅಷ್ಟೇ. ಅದಕ್ಕೆ ಒಂದು ಚಾನೆಲ್ ಸಾಕು. ಪ್ರಶ್ನೋತ್ತರದ ಪಾಠಕ್ಕೆ ಇಬ್ಬರು ಕೂತರೆ ಎರಡು.

ಮೈಕಿಗಿಂತ ಮೊದಲು ಕೋಣೆಯ ವಿಷಯ. ಮೇಲಿನ ಕೋಣೆಗೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಬರಿ ಗೋಡೆ, ಟೈಲ್ಸ್ ನೆಲ, ಮೇಲೆ ತಗಡಿನ ಮಾಡು. ಶಬ್ದ ಸುತ್ತು ಹೊಡೆದು ವಾಪಸ್ಸು ಬರುತ್ತದೆ. ಅಲ್ಲಿ ಎಷ್ಟು ದುಬಾರಿ ಮೈಕು ಇಟ್ಟರೂ ಅದು ಆ ಪ್ರತಿಧ್ವನಿಯನ್ನು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಜೂನ್ ಬಂದರೆ ತಗಡಿನ ಕೆಳಗೆ ಕೂತವರಿಗೆ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಇನ್ನು ಮುದ್ರಣ ಎಲ್ಲಿಂದ ಬಂತು ಮಾರಾಯ್ರೆ! ಕಾಲೇಜು ಶುರುವಾಗಿ ಮಕ್ಕಳಿಗೆ ಪುಸ್ತಕ ಬೇಕಾಗುವುದೂ ಅದೇ ಹೊತ್ತಿಗೆ. ತೆಳ್ಳಗಿನ ಫೋಮ್ ಮಳೆಯ ಸದ್ದನ್ನು ತಡೆಯುವುದಿಲ್ಲ. ಅದು ಕೋಣೆಯೊಳಗಿನ ತೀಕ್ಷ್ಣ ಸ್ವರದ ಮಾರ್ದನಿಯನ್ನು ಸ್ವಲ್ಪ ಹೀರುತ್ತದೆ, ಗಡಸು ಗಂಟಲಿನ ಗುಂಯ್ ಎನ್ನುವ ಸದ್ದು ಹಾಗೇ ಉಳಿಯುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಸಾಕು ಎನ್ನುವವರಿದ್ದಾರೆ. ಅದರಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಬೆಂಕಿಯ ಭಯ ಮಾತ್ರ ಹೆಚ್ಚುತ್ತದೆ.

ಕೆಳಗೆ ಕಿತಾಬು, ಚಾಪೆ ಇಡುವ ಸಣ್ಣ ಕೋಣೆ ಇದೆಯಲ್ಲ, ನನಗೆ ಅದು ಹಿಡಿಸಿತು. ಮೇಲೆ ಆರ್‌ಸಿಸಿ ಸ್ಲ್ಯಾಬ್ ಇದೆ, ಮೂರು ಕಡೆ ಮುರಕಲ್ಲಿನ ದಪ್ಪ ಗೋಡೆ ಇದೆ, ಒಂದೇ ಕಿಟಕಿ. ಎರಡು ಗೋಡೆಗೆ ಕಿತಾಬಿನ ಕಪಾಟು, ಉಳಿದ ಎರಡಕ್ಕೆ ಹಳೆಯ ಹತ್ತಿ ಹಾಸಿಗೆ ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿದರೆ ಮಾತಿನ ಮುದ್ರಣಕ್ಕೆ ಸಾಕಷ್ಟು ಒಳ್ಳೆಯ ಕೋಣೆ ಆಗುತ್ತದೆ. ಸಣ್ಣ ಜಾಗ ಎಂದು ಸಂಕೋಚ ಬೇಡ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ ಎಂಬ ಬಾನುಲಿಯನ್ನು ಶುರುಮಾಡಿದ್ದು ತಮ್ಮ ಮನೆಯಲ್ಲೇ. ಹತ್ತಿರದಲ್ಲೇ ಮಣಿಪಾಲದ ರೇಡಿಯೋ ಮಣಿಪಾಲ, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನ ರೇಡಿಯೋ ಕುಂದಾಪ್ರ ಇವೆ. ಯಾವುದನ್ನಾದರೂ ಕೊಳ್ಳುವ ಮೊದಲು ಇಬ್ಬರು ಟ್ರಸ್ಟಿಗಳು ಅನುಮತಿ ಕೇಳಿ ಅಂಥ ಒಂದು ಕಡೆ ಹೋಗಿ, ಮಾತಿಗೆಂದೇ ಮಾಡಿದ ಕೋಣೆ ಹೇಗಿರುತ್ತದೆ ಎಂದು ನೋಡಿ ಬರಲಿ.

ಈಗ ಮೈಕಿನ ಮಾತು. ಕಂಪನಿಯ ಹೆಸರು ನೋಡಿ ಆರಿಸುವ ಬದಲು ಕಳೆದ ತಿಂಗಳು ನಾವು ಒಂದು ಪರೀಕ್ಷೆ ಮಾಡಿದೆವು. ಅರ್ಥಶಾಸ್ತ್ರ ಪುಸ್ತಕದ ಒಂದೇ ಪುಟವನ್ನು ಒಬ್ಬರೇ ಮೂರು ರೀತಿಯಲ್ಲಿ ಓದಿದರು. ಮೇಲಿನ ಕೋಣೆಯಲ್ಲಿ ಎರವಲು ತಂದ ಕಂಡೆನ್ಸರ್ ಮೈಕಿನಲ್ಲಿ ಒಮ್ಮೆ, ಕೆಳಗಿನ ಕೋಣೆಯಲ್ಲಿ ಸಾಧಾರಣ ಡೈನಮಿಕ್ ಮೈಕಿನಲ್ಲಿ ಒಮ್ಮೆ, ಅದೇ ಕೋಣೆಯಲ್ಲಿ ಮೊಬೈಲಿನಲ್ಲಿ ಇನ್ನೊಮ್ಮೆ. ಮೂರನ್ನೂ ಒಂದೇ ಮಟ್ಟದ ಸದ್ದಿಗೆ ತಂದೆವು. ಇದನ್ನು ಬಿಡಬಾರದು, ಯಾಕೆಂದರೆ ಸ್ವಲ್ಪ ಜೋರಾಗಿ ಕೇಳಿದ್ದೇ ಒಳ್ಳೆಯದೆಂದು ಯಾರ ಕಿವಿಗಾದರೂ ಅನಿಸುತ್ತದೆ. ಅಂಗಡಿಯಲ್ಲಿ ಹೆಚ್ಚಿನವರು ಸೋಲುವುದು ಅಲ್ಲೇ. ಯಾವುದು ಯಾವ ಮೈಕು ಎಂದು ಹೇಳದೆ ಆ ಮೂವರು ವಿದ್ಯಾರ್ಥಿಗಳಿಗೇ ಕೇಳಿಸಿದೆವು.

ಮೂವರೂ ಕೇಳಿದ ಮೊದಲ ಪ್ರಶ್ನೆ, “ಸ್ಪೀಡು ಜಾಸ್ತಿ ಮಾಡಬಹುದಾ?” ಎಂದು. ಅವರು ಪಾಠ ಕೇಳುವುದು ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ವೇಗದಲ್ಲಿ. ನಮಗೆ ಹೊಳೆಯದಿದ್ದ ವಿಷಯ ಇದು. ವೇಗ ಹೆಚ್ಚಿಸಿದಾಗ ಮೇಲಿನ ಕೋಣೆಯ ಕಂಡೆನ್ಸರ್ ಮುದ್ರಣ ಕೆಟ್ಟುಹೋಯಿತು. ಒಂದು ಪದದ ಮಾರ್ದನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲ ಕಲಸಿಹೋಯಿತು. ಮೊಬೈಲು ಇನ್ನೊಂದು ತೊಂದರೆ ಮಾಡಿತು. ಓದುವವರು ಉಸಿರೆಳೆಯಲು ನಿಲ್ಲಿಸಿದಾಗೆಲ್ಲ ಅದು ತಾನಾಗಿ ಸದ್ದು ಏರಿಸಿಕೊಂಡು ಫ್ಯಾನಿನ ಗಾಳಿಯನ್ನು ಎತ್ತಿ ತೋರಿಸಿತು. ಮೂವರೂ ಆರಿಸಿದ್ದು ಕೆಳಗಿನ ಕೋಣೆಯ ಡೈನಮಿಕ್ ಮೈಕನ್ನು. ಮೂವರ ಕಿವಿಯಿಂದ ಲೋಕದ ಮೈಕುಗಳ ತೀರ್ಮಾನ ಆಗುವುದಿಲ್ಲ, ನಿಜ. ಆದರೆ ಈ ಕೋಣೆಗೆ, ಈ ಕೇಳುಗರಿಗೆ ತೀರ್ಮಾನ ಆಯಿತು.

ಡೈನಮಿಕ್ ಮೈಕಿನಿಂದ ನಮಗೆ ಬೇರೆ ಅನುಕೂಲವೂ ಇದೆ. ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು, ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಚರಪರ ಎನ್ನಲು ತೊಡಗುತ್ತದೆ. ಶೂರ್ ಕಂಪನಿಯ ಎಸ್‌ಎಂ58 ಎಂಬ ಡೈನಮಿಕ್ ಮೈಕು 1966ರಿಂದ ಮಾರುಕಟ್ಟೆಯಲ್ಲಿದೆ. ನಮ್ಮ ಮೀಲಾದ್ ಕಾರ್ಯಕ್ರಮಗಳಲ್ಲಿ ನೀವೆಲ್ಲ ನೋಡಿರುವ ಜಾತಿಯದ್ದೇ. ಪಾಡ್‌ಕಾಸ್ಟ್‌ಗಳಲ್ಲಿ ಕಾಣುವ ಎಸ್‌ಎಂ7ಬಿ ತರಿಸೋಣ ಎಂದು ಒಬ್ಬ ಹುಡುಗ ಹೇಳಿದ. ಒಳ್ಳೆಯ ಮೈಕು. ಆದರೆ ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್ ಕೊಡಬೇಕು. ಅಗ್ಗದ ಇಂಟರ್‌ಫೇಸನ್ನು ಅಷ್ಟು ತಿರುಗಿಸಿದರೆ ಮಾತಿನ ಹಿಂದೆ ಸುಯ್ಯೆನ್ನುವ ಸದ್ದು ಕೂತುಬಿಡುತ್ತದೆ, ಮತ್ತೆ ಅದಕ್ಕೊಂದು ಬೂಸ್ಟರ್ ಕೊಳ್ಳಬೇಕು. ಇಂಟರ್‌ಫೇಸ್ ಪರೀಕ್ಷಿಸುವ ಕ್ರಮವೂ ಇದೇ: ನಾವು ಕೊಳ್ಳುವ ಮೈಕನ್ನು ಅದಕ್ಕೇ ಜೋಡಿಸಿ, ಬೇಕಾದಷ್ಟು ಗೇನ್ ಏರಿಸಿ, ಯಾರೂ ಮಾತಾಡದೆ ಅರ್ಧ ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಬೇಕು. ಧ್ವನಿ ಪುಸ್ತಕಗಳಿಗೆ ಎಸಿಎಕ್ಸ್ ಎಂಬ ವೇದಿಕೆ ಇಟ್ಟಿರುವ ಅಳತೆ ಹೀಗಿದೆ: ಮೌನದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಮಾತಿನ ಸರಾಸರಿ ಮೈನಸ್ 23ರಿಂದ ಮೈನಸ್ 18ರ ನಡುವೆ ಇರಬೇಕು, ಅತಿ ಜೋರಿನದ್ದು ಮೈನಸ್ 3 ದಾಟಬಾರದು. ನಮಗೆ ಆ ನಿಯಮದ ಬಂಧನವಿಲ್ಲ, ಆದರೂ ಗುರಿಗೆ ಅದು ಚೆನ್ನಾಗಿದೆ. ಮುದ್ರಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ. ನಮ್ಮ ಹಳೆಯ ವೈರಿಂಗಿನ ಗುಂಯ್ ಸದ್ದು ಅರ್ಧ ಅಲ್ಲೇ ಹೋಗುತ್ತದೆ.

ಕನ್ನಡ ಓದುವವರು ಮೈಕಿಗೆ ನೇರ ಬಾಯಿ ಕೊಡಬಾರದು. ‘ಫಲಿತಾಂಶ’, ‘ಭಾಗಾಕಾರ’ ಎನ್ನುವಾಗ ಮಹಾಪ್ರಾಣದ ಗಾಳಿ ಧಪ್ ಎಂದು ಬಡಿಯುತ್ತದೆ. ಸ್ವಲ್ಪ ಓರೆಯಾಗಿ, ಒಂದು ಗೇಣು ದೂರದಲ್ಲಿ ಕೂರಬೇಕು. ಪರೀಕ್ಷೆಗೆ ಶ, ಷ, ಸ ಮೂರೂ ಇರುವ, ಳ ಮತ್ತು ಲ ಎರಡೂ ಇರುವ ವಾಕ್ಯ ಓದಿಸಿ. ಮೈಕಿನ ಗುಣವೂ ತಿಳಿಯುತ್ತದೆ, ಓದುವವರದ್ದೂ.

ಸಾಫ್ಟ್‌ವೇರ್‌ಗೆ ಪಟ್ಟಿಯಲ್ಲಿ ಹಾಕಿದ ಹಣ ಪೂರ್ತಿ ಉಳಿಸಬಹುದು. ಆಡಾಸಿಟಿ 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ, ಒಬ್ಬರ ಮಾತು ಮುದ್ರಿಸಿ ತಪ್ಪು ಕತ್ತರಿಸಲು ಧಾರಾಳ ಸಾಕು. ಆದರೆ ನಾನು ಸಾಫ್ಟ್‌ವೇರ್ ಆರಿಸುವಾಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಕಣ್ಣು ಕಾಣದವರು ಇದನ್ನು ತಾವೇ ನಡೆಸಬಲ್ಲರೇ? ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ, ಪರದೆಯ ಮೇಲಿನದ್ದನ್ನು ಓದಿ ಹೇಳುತ್ತದೆ. ಅದರ ಜೊತೆ ಆಡಾಸಿಟಿಯನ್ನು ಕೀಬೋರ್ಡಿನಿಂದಲೇ ಬಳಸಬಹುದು. ರೀಪರ್ ಎಂಬ ಇನ್ನೊಂದಕ್ಕೆ ಒಸಾರಾ ಎಂಬ ಉಚಿತ ಜೋಡಣೆ ಹಾಕಿದರೆ ಅಂಧ ಎಡಿಟರುಗಳು ಪೂರ್ತಿ ಕೆಲಸ ಮಾಡುತ್ತಾರೆ. ಡೈಸಿ ಒಕ್ಕೂಟದ ಓಬಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅಧ್ಯಾಯ, ಪುಟ ಗುರುತು ಹಾಕಿದರೆ ವಿದ್ಯಾರ್ಥಿ ನೇರ 112ನೇ ಪುಟಕ್ಕೆ ಹೋಗಬಹುದು. ಎರಡು ತಾಸಿನ ಒಂದೇ ಎಂಪಿ3 ಕೊಟ್ಟರೆ ಅವರು ಹುಡುಕುತ್ತಾ ಕೂರಬೇಕು. ನಮ್ಮ ಬಿ.ಎ. ವಿದ್ಯಾರ್ಥಿನಿಗೆ ಈ ಕೆಲಸ ಕಲಿಯುವ ಆಸೆ ಇದೆ. ಕೊಟೇಶನ್ನಿನಲ್ಲಿರುವ ಸಾಫ್ಟ್‌ವೇರ್ ಕೊಂಡರೆ ಆಕೆ ಬರೀ ಕೇಳುಗಳಾಗಿಯೇ ಉಳಿಯಬಹುದು.

ಕಂಪ್ಯೂಟರೇ ಓದುತ್ತದಲ್ಲ, ಮನುಷ್ಯರು ಯಾಕೆ ಎಂದು ಒಬ್ಬ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆ. ಯೂನಿಕೋಡಿನಲ್ಲಿರುವ ಕನ್ನಡವನ್ನು ಮೊಬೈಲು ಓದುತ್ತದೆ, ಕಥೆ, ಪತ್ರಿಕೆಗೆ ಅದು ಸಾಕು. ಆದರೆ ಹಳೆಯ ನುಡಿ ಅಕ್ಷರದಲ್ಲಿ ಮಾಡಿದ ಪಿಡಿಎಫ್ ಆದರೆ ಅದು ಏನೇನೋ ಗೊಣಗುತ್ತದೆ. ಕೋಷ್ಟಕ, ನಕ್ಷೆ, ಬೇಡಿಕೆಯ ರೇಖೆ ಬಂದಲ್ಲಿ ಮನುಷ್ಯನೇ ವಿವರಿಸಬೇಕು. ಮೊದಲು ಅಂಥ ಪುಸ್ತಕಗಳನ್ನೇ ಎತ್ತಿಕೊಳ್ಳೋಣ.

ಕಡತದ ಲೆಕ್ಕ ಸ್ವಲ್ಪ ಹೇಳುತ್ತೇನೆ. 48 ಕಿಲೋಹರ್ಟ್ಸ್, 24 ಬಿಟ್, ಮೋನೋದಲ್ಲಿ ಒಂದು ತಾಸಿಗೆ ಸುಮಾರು 518 ಎಂಬಿ ಆಗುತ್ತದೆ. ಅದು ನಮ್ಮ ಮೂಲಪ್ರತಿ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಬೇಕು, ಒಂದು ಮದ್ರಸದಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ವಿದ್ಯಾರ್ಥಿಗೆ ಕೊಡುವ 64 ಕಿಲೋಬಿಟ್ ಎಂಪಿ3 ತಾಸಿಗೆ 29 ಎಂಬಿಯಷ್ಟೇ.

ಈ ಪ್ರತಿಗಳನ್ನು ವಾಟ್ಸಾಪ್ ಗ್ರೂಪಿಗೆ, ಯೂಟ್ಯೂಬಿಗೆ ಹಾಕಬಾರದು. 2012ರಲ್ಲಿ ತಿದ್ದಿದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅಂಗವಿಕಲರಿಗಾಗಿ ಲಾಭವಿಲ್ಲದೆ ಇಂಥ ಪ್ರತಿ ಮಾಡಲು ಅವಕಾಶ ಇದೆ, ಅದು ಅವರ ಕೈಯಲ್ಲೇ ಉಳಿಯಬೇಕು ಎಂಬ ಷರತ್ತಿನ ಮೇಲೆ. ಅಂಧರ ಓದಿನ ಹಕ್ಕಿನ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ನಮ್ಮದೇ. ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಅಲ್ಲಿ ಈಗಾಗಲೇ ಇರುವ ಪುಸ್ತಕವನ್ನು ನಾವು ಮತ್ತೆ ಓದುವುದು ಬೇಡ, ಮೊದಲು ಹುಡುಕಿ ನೋಡೋಣ.

ಹಣದ ವಿಷಯ. ಝಕಾತಿನ ಹಕ್ಕುದಾರರು ಎಂಟು ವರ್ಗದವರು ಎಂದು ಸೂರಃ ತೌಬಾದ 60ನೇ ಆಯತ್ತಿನಲ್ಲಿದೆ, ಅದರಲ್ಲಿ ಮೈಕು ಬರುವುದಿಲ್ಲ. ಮಸ್‌ಅಲದ ತೀರ್ಮಾನ ಉಸ್ತಾದರದ್ದು, ನನ್ನದಲ್ಲ. ಆದರೆ ಸಲಕರಣೆಯ ಖರ್ಚನ್ನು ಸದಕಾ, ದೇಣಿಗೆಯ ಖಾತೆಯಿಂದಲೇ ಬೇರೆಯಾಗಿ ತೋರಿಸಿ ಎಂದು ಖಜಾಂಚಿಗಳಲ್ಲಿ ವಿನಂತಿ. ನನ್ನ ಲೆಕ್ಕದಲ್ಲಿ ಒಂದು ಡೈನಮಿಕ್ ಮೈಕು, ಸ್ಟ್ಯಾಂಡು, ಕೇಬಲ್, ಎರಡು ಚಾನೆಲ್‌ಗಳ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಎರಡು ಹಾರ್ಡ್‌ಡಿಸ್ಕು, ಹಾಸಿಗೆಗೆ ಹೊಸ ಬಟ್ಟೆ, ಎಲ್ಲ ಸೇರಿ 45,000ದೊಳಗೆ ಮುಗಿಯುತ್ತದೆ. ಲ್ಯಾಪ್‌ಟಾಪ್ ಕಚೇರಿಯಲ್ಲೇ ಇದೆ. ಸ್ಪೀಕರ್ ಬೇಡ.

ನಿಜವಾದ ಖರ್ಚು ಜನರ ಹೊತ್ತಿನದ್ದು. ಒಂದು ತಾಸಿನ ಸಿದ್ಧ ಮುದ್ರಣಕ್ಕೆ ಓದು, ತಿದ್ದು, ಮರುಕೇಳುವಿಕೆ ಸೇರಿ ಮೂರು ತಾಸಾದರೂ ಬೇಕು. ಪುಕ್ಕಟೆ ಸೇವೆ ಎಂದು ಹೇಳಿದರೆ ರಂಝಾನ್ ತಿಂಗಳು ಮುಗಿಯುವಷ್ಟರಲ್ಲಿ ಓದುವವರು ಇರುವುದಿಲ್ಲ. ಉಳಿಯುವ ಹಣದಲ್ಲಿ ಒಂದು ಪಾಲನ್ನು ಓದುವ, ತಿದ್ದುವ ವಿದ್ಯಾರ್ಥಿಗಳಿಗೆ ತಾಸಿನ ಲೆಕ್ಕದಲ್ಲಿ ಗೌರವಧನವಾಗಿ ಕೊಡಿ, ಉಳಿದದ್ದು ವಿದ್ಯಾರ್ಥಿವೇತನಕ್ಕೇ ಹೋಗಲಿ. ಸಹೋದರಿಯರು ಓದಲು ಅನುಕೂಲವಾಗುವಂತೆ ಕೋಣೆಗೆ ಅವರದ್ದೇ ಬೇರೆ ಹೊತ್ತು ನಿಗದಿ ಮಾಡಬೇಕು. ಸುಬಹಿ ನಮಾಝಿನ ಬಳಿಕ ಬ್ರಹ್ಮಾವರ ಕಡೆಯ ಬಸ್ಸು ಶುರುವಾಗುವ ತನಕ ರಸ್ತೆ ಶಾಂತವಾಗಿರುತ್ತದೆ, ಗಂಡಸರು ಆಗ ಕೂರಬಹುದು.

ಓದಲು ಮನಸ್ಸಿರುವವರು ಜುಮಾ ನಮಾಝಿನ ನಂತರ ಕಚೇರಿಯಲ್ಲಿ ಹೆಸರು ಕೊಡಿ. ಎಲ್ಲರಿಂದಲೂ ಅರ್ಥಶಾಸ್ತ್ರದ ಅದೇ ಒಂದು ಪುಟ ಓದಿಸಿ, ಹೆಸರು ಹೇಳದೆ ಆ ಮೂವರಿಗೆ ಕೇಳಿಸುತ್ತೇವೆ. ಆರಿಸುವವರು ಅವರೇ.