ಕ್ರೈಸ್ತಧರ್ಮದಲ್ಲಿ ಅಂತರಂಗದ ಹೊಸ ಹುಟ್ಟು

(ಶ್ರೀಮಠದ ಮಹೋತ್ಸವದ ಅಂಗವಾಗಿ ಬೆಂಗಳೂರು ಚಾಮರಾಜಪೇಟೆಯಲ್ಲಿ ನೆರೆದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಮಹೋತ್ಸವದಲ್ಲಿ ಕ್ರೈಸ್ತಧರ್ಮದ ವಿಚಾರವೇಕೆ ಎಂಬ ಶಂಕೆಯು ಕೆಲವರಿಗೆ ಹುಟ್ಟುವುದು ಸಹಜವೇ. ಅದಕ್ಕೆ ಸಮಾಧಾನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ೧೯೪೯ರಲ್ಲಿ ಕಲಬುರ್ಗಿಯಲ್ಲಿ ಸಮ್ಮೇಳನವನ್ನು ನಡೆಯಿಸಿದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಒಬ್ಬ ಕ್ರೈಸ್ತ ಪಾದ್ರಿಗಳು, ರೆವರೆಂಡ್ ಉತ್ತಂಗಿ ಚನ್ನಪ್ಪನವರು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ನಿನ ಪಾಠಶಾಲೆಯಲ್ಲಿ ಕ್ರೈಸ್ತಶಾಸ್ತ್ರವನ್ನು ಓದಿ, ಬಾಳೆಲ್ಲ ಸಭಾಸೇವೆಯಲ್ಲಿದ್ದು, ೧೯೬೨ರಲ್ಲಿ ದೇಹವಿಟ್ಟವರು. ಈ ಪಾದ್ರಿಗಳೇ ಹಸ್ತಪ್ರತಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ, ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚಿಗೆ ಕೊಟ್ಟರು. ಮೋಳಿಗೆಯ ಮಾರಯ್ಯನ ಮತ್ತು ಅವನ ಸತಿ ಮಹಾದೇವಿಯ ವಚನಗಳನ್ನು ಸಂಪಾದಿಸಿದವರೂ ಅವರೇ. ಅನುಭವಮಂಟಪವು ನಿಜವಾಗಿ ಇದ್ದಿತೇ ಎಂಬ ಸಂದೇಹವು ತಲೆಯೆತ್ತಿದಾಗ, ಅದರ ಐತಿಹಾಸಿಕತೆಯನ್ನು ಸಾಧಿಸಿ ಗ್ರಂಥವನ್ನು ಬರೆದವರೂ ಅವರೇ.

ಕ್ರಿಸ್ತನಿಗೆ ತನ್ನನ್ನು ಒಪ್ಪಿಸಿಕೊಂಡವನಿಗೆ ಶರಣರಲ್ಲಿ ಇಷ್ಟು ಮಮತೆ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ, ಆ ಧರ್ಮದಲ್ಲಿ ಅಂತರಂಗದ ಪರಿವರ್ತನೆಯೆಂದರೆ ಏನೆಂಬುದನ್ನು ಮೊದಲು ತಿಳಿಯತಕ್ಕದ್ದು.

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನೆಂಬ ಪಂಡಿತನ ವೃತ್ತಾಂತವು ಬಂದಿದೆ. ಅವನು ಶಾಸ್ತ್ರವನ್ನು ಬಲ್ಲವನು, ಯೆಹೂದ್ಯರ ಹಿರಿಯರಲ್ಲಿ ಒಬ್ಬನು, ಹತ್ತು ಜನರಿಗೆ ಬೋಧಿಸುವವನು. ಆದರೂ ರಾತ್ರಿಯ ಹೊತ್ತಿನಲ್ಲಿ ಯೇಸುವಿನ ಬಳಿಗೆ ಬಂದನು. ಯೇಸು ಅವನಿಗೆ ಇನ್ನೊಂದು ಶಾಸ್ತ್ರವನ್ನು ಹೇಳಿಕೊಡಲಿಲ್ಲ. ಹೊಸದಾಗಿ ಹುಟ್ಟದೆ ದೇವರ ರಾಜ್ಯವು ಕಾಣದೆಂದನು. ಮುದುಕನು ತಾಯ ಗರ್ಭವನ್ನು ಮತ್ತೆ ಹೊಗುವುದೆಂತೆಂದು ಪಂಡಿತನು ಬೆರಗಾದನು. ಆಗ ಯೇಸು, ಇದು ದೇಹದ ಹುಟ್ಟಲ್ಲ, ಆತ್ಮದ ಹುಟ್ಟು. ಗಾಳಿಯು ಬೀಸುವುದು ತಿಳಿಯುತ್ತದೆ, ಅದರ ಎಡೆ ತಿಳಿಯದು, ಈ ಹುಟ್ಟೂ ಹಾಗೆಯೇ ಎಂಬ ಭಾವವನ್ನು ವಿವರಿಸಿದನು. ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಕಾದುದೊಂದುಂಟು. ಮತ್ತೆ ಹುಟ್ಟೆಂದು ಹೇಳಿದ್ದು ಕಳ್ಳನಿಗಲ್ಲ, ಜೂಜುಗಾರನಿಗಲ್ಲ, ಓದಿದವನಿಗೆ. ಶಾಸ್ತ್ರ ಹೇಳಿ ಬದುಕುವವರು ಈ ಕಥೆಯನ್ನು ಎರಡು ಸಾರಿ ಓದಿಕೊಳ್ಳುವುದು ಒಳ್ಳೆಯದು.

ಈ ಹೊಸ ಹುಟ್ಟಿನ ಬಾಹ್ಯ ಚಿಹ್ನೆಯಾದ ಸಂಸ್ಕಾರಕ್ಕೆ ಕನ್ನಡದ ಬೈಬಲಿನಲ್ಲಿ ‘ದೀಕ್ಷಾಸ್ನಾನ’ವೆಂಬ ಹೆಸರು ನೆಲೆಗೊಂಡಿದೆ. ೧೯೦೪ರಲ್ಲಿ ಕಟ್ಟಿದ ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಂಥ ಕನ್ನಡ ಸಭೆಗಳಲ್ಲಿ ಈ ಮಾತು ಮನೆಮಾತಾಗಿದೆ. ದೀಕ್ಷೆಯೆಂಬ ಪದವು ಲಿಂಗವಂತರಿಗೆ ಹೊಸದಲ್ಲ. ಯಾವುದರಿಂದ ಲಿಂಗಸಂಬಂಧವು ಕೊಡಲ್ಪಡುವುದೋ, ಮಲತ್ರಯವು ಕ್ಷಯವಾಗುವುದೋ ಅದೇ ದೀಕ್ಷೆಯೆಂದು ಆಚಾರ್ಯರು ನಿರ್ವಚಿಸಿದ್ದಾರೆ. ವೇಧೆ, ಮಂತ್ರ, ಕ್ರಿಯೆ ಎಂಬ ಮೂರು ದೀಕ್ಷೆಗಳಿಂದ ಕಾರಣ, ಸೂಕ್ಷ್ಮ, ಸ್ಥೂಲ ತನುಗಳಲ್ಲಿ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳು ನೆಲೆಗೊಳ್ಳುವುವು. ಶಿಷ್ಯನು ಪೂರ್ವಾಶ್ರಯವನ್ನು ಕಳೆದುಕೊಂಡು ಗುರುಕರಜಾತನಾಗುವನು. ಅಲ್ಲಿ ನೀರಿನಲ್ಲಿ ಮುಳುಗಿ ಏಳುವುದು ಹಳೆಯ ಮನುಷ್ಯನು ಸತ್ತು ಹೊಸಬನು ಎದ್ದುದರ ಗುರುತು. ಇಲ್ಲಿ ಗುರುವಿನ ಹಸ್ತವು ಮಸ್ತಕವನ್ನು ಮುಟ್ಟುವುದು ಮರುಹುಟ್ಟಿನ ಗುರುತು.

ಹಸ್ತಮಸ್ತಕ ಸಂಯೋಗವೆಂದಾಗ ಸೌಲನ ಕಥೆಯು ನೆನಪಿಗೆ ಬರುವುದು. ಅವನೇ ಮುಂದೆ ಪೌಲನೆನಿಸಿಕೊಂಡವನು. ಕ್ರಿಸ್ತನ ಶಿಷ್ಯರನ್ನು ಸೆರೆಹಿಡಿಯುವುದಕ್ಕಾಗಿ ದಮಸ್ಕಕ್ಕೆ ಹೋಗುತ್ತಿದ್ದಾಗ, ದಾರಿಯಲ್ಲಿ ಬೆಳಕೊಂದು ಸುತ್ತಲೂ ಹೊಳೆದು ನೆಲಕ್ಕೆ ಬಿದ್ದನು. ಮೂರು ದಿನ ಕಣ್ಣು ಕಾಣಲಿಲ್ಲ, ಅನ್ನನೀರು ಮುಟ್ಟಲಿಲ್ಲ. ಆಗ ಅನನೀಯನೆಂಬ ಶಿಷ್ಯನಿಗೆ ಅವನ ಬಳಿಗೆ ಹೋಗೆಂಬ ಅಪ್ಪಣೆಯಾಯಿತು. ಅನನೀಯನು ಮೊದಲು ಹಿಂಜರಿದನು. ಹೋಗಬೇಕಾದುದು ತನ್ನವರನ್ನು ಕಟ್ಟಿಹಾಕಲು ಬಂದವನ ಬಳಿಗಲ್ಲವೇ? ಆದರೂ ಹೋಗಿ, ಸಹೋದರನೆಂದು ಕರೆದು, ಅವನ ಮೇಲೆ ಕೈಯಿಟ್ಟನು. ಕಣ್ಣಿನಿಂದ ಪರೆಯಂಥದು ಕಳಚಿ ಬಿದ್ದಿತು. ಸೌಲನು ಎದ್ದು ದೀಕ್ಷಾಸ್ನಾನವನ್ನು ಪಡೆದನು. ಈ ಪ್ರಸಂಗದಲ್ಲಿ ಬದಲಾದವರು ಇಬ್ಬರು: ದ್ವೇಷವನ್ನು ಬಿಟ್ಟ ಸೌಲನೊಬ್ಬನು, ಭಯವನ್ನು ಬಿಟ್ಟ ಅನನೀಯನೊಬ್ಬನು. ಕೈಯಿಡುವವನ ಅಂತರಂಗವೂ ಕರಗಿದಲ್ಲದೆ ತಲೆಬಾಗಿದವನ ಅಂತರಂಗವು ತೆರೆಯದು.

ಇನ್ನು ಪರಿವರ್ತನೆಯ ಬಗೆಯನ್ನು ತಿಳಿಸುವ ಸಾಮತಿಯು ಲೂಕನ ಸುವಾರ್ತೆಯಲ್ಲಿದೆ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯನು ತನ್ನ ಪಾಲಿನ ಆಸ್ತಿಯನ್ನು ಕೇಳಿ ಪಡೆದು, ದೂರದೇಶದಲ್ಲಿ ಹಾಳುಮಾಡಿ, ಕೊನೆಗೆ ಹಂದಿ ಕಾಯುವ ಗತಿಗೆ ಇಳಿದನು. ಹಸಿವಿನ ಆ ಹೊತ್ತಿನಲ್ಲಿ ಅವನಿಗೆ ಬುದ್ಧಿ ಬಂದಿತು. ಮೂಲದ ಗ್ರೀಕ್ ಮಾತಿನ ಅರ್ಥವು, ಅವನು ತನ್ನೊಳಕ್ಕೆ ತಾನು ಬಂದನೆಂಬುದು. ತಂದೆಯ ಮನೆಗೆ ತಿರುಗುವ ಮೊದಲು ತನ್ನ ಕಡೆಗೆ ತಾನು ತಿರುಗಿದನು. ತನ್ನ ತಾನರಿಯುವುದೇ ಮೊದಲ ಮೆಟ್ಟಿಲೆಂದು ಶರಣರೂ ಒಪ್ಪಿದ್ದಾರೆ. ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆಯು ಓಡಿಬಂದು ಅಪ್ಪಿಕೊಂಡನು, ಅದೇ ಕೃಪೆ.

ಕಥೆಯು ಅಲ್ಲಿಗೇ ಮುಗಿಯದು. ಹಿರಿಯ ಮಗನು ಹೊಲದಿಂದ ಬಂದು, ಮನೆಯೊಳಗೆ ವಾದ್ಯದ ಧ್ವನಿಯನ್ನು ಕೇಳಿ, ಮುನಿದು ಹೊರಗೇ ನಿಂತನು. ಇಷ್ಟು ವರ್ಷ ಸೇವೆಮಾಡಿದೆನು, ಒಂದು ಅಪ್ಪಣೆಯನ್ನೂ ಮೀರಲಿಲ್ಲ, ತನಗೆಂದು ಒಂದು ಆಡುಮರಿಯನ್ನೂ ಕೊಡಲಿಲ್ಲವೆಂದು ದೂರಿದನು. ಮನೆಯನ್ನು ಬಿಟ್ಟುಹೋದವನು ಒಳಗೆ. ಎಂದೂ ಬಿಡದವನು ಹೊರಗೆ! ಶರಣಬಂಧುಗಳೇ, ಮಠದ ಭಕ್ತರಿಗೆ ತಟ್ಟಬೇಕಾದ ಮಾತು ಇದೇ. ಹುಟ್ಟಿದಂದೇ ಲಿಂಗಧಾರಣೆಯಾಗಿ, ವರ್ಷವರ್ಷವೂ ಜಾತ್ರೆಗೆ ಬಂದು, ದಾಸೋಹಕ್ಕೆ ಅಕ್ಕಿಬೇಳೆಯನ್ನು ಒಪ್ಪಿಸಿದವನು ಒಳಗೆ ಹಿರಿಯ ಮಗನಂತೆ ಲೆಕ್ಕವನ್ನು ಬರೆದಿಟ್ಟುಕೊಂಡಿದ್ದರೆ, ಅವನು ಇನ್ನೂ ಹೊಸ್ತಿಲಿನ ಹೊರಗೇ. ಕರಡಿಗೆಯು ಗೂಟಕ್ಕೆ ತೂಗುತ್ತಿದ್ದು ಪೂಜೆಯು ಮರೆತುಹೋದ ಮನೆಗಳು ಎಷ್ಟಿಲ್ಲ? ಹಾಗೆಯೇ, ಕೂಸಿನಲ್ಲಿ ದೀಕ್ಷಾಸ್ನಾನವಾಗಿ ಹೆಸರಿಗೆ ಮಾತ್ರ ಕ್ರೈಸ್ತರಾಗಿ ಉಳಿದವರ ವಿಷಯವಾಗಿ ಅವರ ಪಾದ್ರಿಗಳೂ ಮರುಗುವರು. ರೋಗವು ಎರಡೂ ಮನೆಗಳಲ್ಲಿ ಒಂದೇ.

ಆದರೂ ಎರಡು ಮಾರ್ಗಗಳೂ ಒಂದೇ ಎಂದು ಹೇಳಿಬಿಡುವುದು ಪಂಡಿತಲಕ್ಷಣವಲ್ಲ. ಕ್ರೈಸ್ತರ ಮತದಲ್ಲಿ ಮನುಷ್ಯನನ್ನು ಕಟ್ಟಿದ್ದು ಪಾಪ. ಅದನ್ನು ಬಿಡಿಸುವುದು ಕ್ರಿಸ್ತನ ಶಿಲುಬೆಯ ಮರಣ ಮತ್ತು ಪುನರುತ್ಥಾನ. ಹೊಸ ಬಾಳನ್ನು ನಡೆಯಿಸುವುದು ಪವಿತ್ರಾತ್ಮ. ಶರಣಮತದಲ್ಲಿ ಮುಸುಕಿದ್ದು ಮಲ; ಕಳೆಯುವುದು ಗುರುಕಾರುಣ್ಯ; ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಏರಿ ಅಂಗವು ಲಿಂಗದಲ್ಲಿ ಸಮರಸವಾಗುವುದೇ ಗುರಿ. ಅಲ್ಲಿ ಮಗನು ತಂದೆಯನ್ನು ಸೇರಿಯೂ ಮಗನಾಗಿಯೇ ಉಳಿಯುವನು. ಇಲ್ಲಿ ಎರಡೆಂಬುದೇ ಅಳಿಯುವುದು. ಈ ಭೇದವನ್ನು ಮುಚ್ಚಬೇಕಾಗಿಲ್ಲ. ಆದರೆ ಹೊರಗಿನ ಚಿಹ್ನೆಯೇ ಸಾಲದು, ಒಳಗು ಹೊಸದಾಗಬೇಕು, ಅದು ತನ್ನ ಬಲದಿಂದಲ್ಲ, ಕೃಪೆಯಿಂದ ಎಂಬಲ್ಲಿ ಇಬ್ಬರ ಸಾಕ್ಷಿಯೂ ಕೂಡುವುದು.

ಉತ್ತಂಗಿಯವರು ಸಂಪಾದಿಸಿದ ಮಾರಯ್ಯನ ಚರಿತ್ರೆಯೂ ಇದನ್ನೇ ಸಾರುವುದು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತು ಮಾರಿ ಕಾಯಕಮಾಡಿದನೆಂದು ಪರಂಪರೆಯು ಹೇಳುವುದು. ರಾಜ್ಯವನ್ನೇ ಬಿಟ್ಟವನಿಗೆ ಬಿಡಬೇಕಾದುದು ಇನ್ನೇನು ಉಳಿದಿದ್ದಿತು? ಉಳಿದಿದ್ದಿತು. ಕೈಲಾಸಕ್ಕೆ ಹೋಗಬೇಕೆಂಬ ಆಸೆಯು ಅವನಲ್ಲಿ ತಲೆಯೆತ್ತಿದಾಗ ಸತಿ ಮಹಾದೇವಿಯೇ ತಡೆದು, ಕೈಯೊಳಗಿನ ಲಿಂಗವನ್ನು ಬಿಟ್ಟು ಬೇರೆಡೆಯ ಬಯಕೆಯೇಕೆಂದು ತಿಳಿಹೇಳಿದಳು. ಅರಸುತನವನ್ನು ತೊರೆಯುವುದು ಒಂದು ದಿನದ ಕೆಲಸ. ಬಯಕೆಯನ್ನು ತೊರೆಯುವುದು ದಿನದಿನದ ಕೆಲಸ. ಪೌಲನೂ ತನ್ನ ಪತ್ರಗಳಲ್ಲಿ ಒಳಗಣ ಮನುಷ್ಯನು ದಿನೇ ದಿನೇ ಹೊಸಬನಾಗುವುದನ್ನು ಹೇಳಿದ್ದಾನೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರವು ದೊರೆಯುವುದು. ಒಳಗು ನಿಜವಾಗಿ ಹೊಸದಾದವನು ಹಿರಿಯರ ಸೊತ್ತನ್ನು ಹೊರಗೆ ಎಸೆಯನು. ನೆರೆಯವನ ದೀಪಕ್ಕೂ ಎಣ್ಣೆಯೆರೆಯುವನು. ಉತ್ತಂಗಿಯವರು ತಮ್ಮ ಕ್ರಿಸ್ತನನ್ನು ಬಿಡದೆಯೇ ಶರಣರ ಮಾತುಗಳನ್ನು ಹುಳುಹಿಡಿದ ಓಲೆಗಳಿಂದ ಎತ್ತಿ ಲಿಂಗವಂತರ ಕೈಗೆ ಕೊಟ್ಟರು. ಆ ಋಣವು ತೀರುವುದು ಹೊಗಳಿಕೆಯಿಂದಲ್ಲ. ಅವರು ಕೊಟ್ಟ ವಚನಗಳನ್ನು ಓದಿ, ಲಿಂಗಪೂಜೆಯ ಹೊತ್ತಿನಲ್ಲಿ ಪ್ರತಿಯೊಬ್ಬನೂ ತನ್ನೊಳಕ್ಕೆ ತಾನು ಬಂದನೇ ಎಂದು ಕೇಳಿಕೊಂಡರೆ ತೀರುವುದು. ಮಹೋತ್ಸವದ ಚಪ್ಪರವು ನಾಳೆ ಇಳಿಯುವುದು. ಒಳಗಿನ ಉತ್ಸವವು ನಿಲ್ಲದಿರಲಿ.