ಆಣೆ ಕೇಳದವನೇ ಗಂಡಸು

(ಯಳಂದೂರು ತಾಲ್ಲೂಕಿನ ಅಗರದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

‘ನಿಜವಾದ ಗಂಡಸು ಯಾರು?’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಈ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ಗಂಡಸು ಅಂದರೆ ಅಳಬಾರದು, ಸೋಲಬಾರದು, ಹೆಂಡತಿಯ ಮಾತು ಕೇಳಬಾರದು, ಒಲೆಯ ಹತ್ತಿರ ಹೋಗಬಾರದು. ಈ ‘ಬಾರದು’ಗಳನ್ನೆಲ್ಲ ಕೂಡಿಸಿದರೆ ಒಬ್ಬ ಗಂಡಸು ಆಗುತ್ತಾನೆ ಎಂದು ನಂಬಿದ್ದೇವೆ. ಅವನು ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಉತ್ತರಕ್ಕಾಗಿ ಬಹಳ ದೂರ ಹೋಗಬೇಕಿಲ್ಲ. ಕಂಸಾಳೆಯ ಸದ್ದು ಕೇಳಿ ಬೆಳೆದ ಸೀಮೆ ನಮ್ಮದು. ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟ ಹತ್ತಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರು ಇಲ್ಲಿ ಮನೆಗೊಬ್ಬರಿದ್ದೀರಿ. ದೇವರಗುಡ್ಡರು ಹಾಡುವ ಸಂಕಮ್ಮನ ಸಾಲು ನಿಮಗೆಲ್ಲ ಗೊತ್ತು. ಒಬ್ಬೊಬ್ಬರು ಹಾಡುವಾಗ ವಿವರಗಳು ಬದಲಾಗುತ್ತವೆ, ತಿರುಳು ಒಂದೇ. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಹೋಗುವ ಮೊದಲು ಹೆಂಡತಿಯ ಮುಂದೆ ಕೈಚಾಚಿ, ನಿನ್ನ ಶೀಲದ ಬಗ್ಗೆ ನನಗೆ ಭಾಷೆ ಕೊಡು ಅನ್ನುತ್ತಾನೆ. ಭಾಷೆ ಅಂದರೆ ಆಣೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಯಾಕೆ ಆಣೆ ಇಡಬೇಕು? ಅವನು ಅವಳನ್ನು ಹಿಂಸಿಸುತ್ತಾನೆ, ಕಟ್ಟಿಹಾಕಿ ಕಾಡಿನಲ್ಲಿ ಬಿಟ್ಟು ಹೋಗುತ್ತಾನೆ. ಆಗ ಅವಳ ಮೊರೆ ಕೇಳಿ ಬಂದವನು ಮಾದಪ್ಪ. ಬಂಧನ ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಹೀಗೆ.

ಈ ಕಥೆಯನ್ನು ನಾವು ಮಾದಪ್ಪನ ಪವಾಡ ಎಂದು ಕೇಳಿ ಕೈಮುಗಿದು ಎದ್ದು ಬರುತ್ತೇವೆ. ಇವತ್ತು ನೀಲೇಗೌಡನ ಕಡೆಯಿಂದ ಸ್ವಲ್ಪ ನೋಡೋಣ. ಕಾಡನ್ನು ಬಲ್ಲವನು, ಮೃಗಕ್ಕೆ ಅಂಜದವನು. ಹೊರಗಿನವರ ಕಣ್ಣಿಗೆ ಅವನು ಪೂರ್ತಿ ಗಂಡಸು. ಆದರೆ ಆ ಧೈರ್ಯವಂತನಿಗೆ ಒಂದು ಭಯವಿತ್ತು. ತನ್ನನ್ನೇ ನಂಬಿ ಬಂದ ಹೆಂಡತಿಯನ್ನು ನಂಬುವ ಧೈರ್ಯ ಅವನಿಗೆ ಇರಲಿಲ್ಲ. ನಂಬುವುದಕ್ಕೂ ಎದೆ ಬೇಕು. ಆ ಎದೆ ಇಲ್ಲದವನು ಆಣೆ ಕೇಳುತ್ತಾನೆ. ಆಣೆ ಸಿಗದಿದ್ದರೆ ಹಗ್ಗ ಹುಡುಕುತ್ತಾನೆ.

ಹೊಡೆಯುವ ಕೈ ಬಲವಾದ ಕೈ ಎಂಬ ಭ್ರಮೆ ನಮಗಿದೆ. ಮನಸ್ಸಿನಲ್ಲಿ ಹೆದರಿಕೆ ಹೊಕ್ಕವನೇ ಮೊದಲು ಕೈ ಎತ್ತುತ್ತಾನೆ.

ಇನ್ನು ಮಾದಪ್ಪನನ್ನು ನೋಡಿ. ನಮ್ಮ ಹುಡುಗರ ಬೈಕಿನ ಮೇಲೆ, ಆಟೊ ಹಿಂದೆ, ಟೀ ಶರ್ಟಿನ ಮೇಲೆ ಇರುವುದು ಹುಲಿಯೇರಿದ ಮಾದಪ್ಪ. ಸಂತೋಷವೇ. ಆದರೆ ಅದೇ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿದ ಎಂದೂ ಹಾಡಿನಲ್ಲಿ ಬರುತ್ತದೆ. ರಾಗಿ ಬೀಸುವುದು ನಮ್ಮ ಮನೆಗಳಲ್ಲಿ ಯಾರ ಕೆಲಸವಾಗಿತ್ತು? ಕೋಳಿ ಕೂಗುವ ಮೊದಲೇ ಎದ್ದು ಕಲ್ಲಿನ ಮುಂದೆ ಕೂರುತ್ತಿದ್ದವರು ನಮ್ಮ ಅಜ್ಜಿಯರು. ಹುಲಿ ಏರಿದವನಿಗೆ ಬೀಸುವ ಕಲ್ಲಿನ ಮುಂದೆ ಕೂರಲು ನಾಚಿಕೆ ಆಗಲಿಲ್ಲ. ಹುಲಿಯ ಚಿತ್ರ ಇಟ್ಟುಕೊಂಡ ನಮಗೆ ಊಟ ಮಾಡಿದ ತಟ್ಟೆ ತೊಳೆಯಲು ನಾಚಿಕೆ!

ದೀಪಾವಳಿಯ ಜಾತ್ರೆಯಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ತಲೆಯ ಮೇಲೆ ಹಾಲರವಿ ಹೊತ್ತು ಮಾದಪ್ಪನ ಅಭಿಷೇಕಕ್ಕೆ ತರುತ್ತಾರೆ. ದಾರಿಯುದ್ದಕ್ಕೂ ಜನ ಆ ಮಕ್ಕಳಿಗೆ ಕೈ ಮುಗಿಯುತ್ತಾರೆ. ಬೆಟ್ಟದಲ್ಲಿ ಹೆಣ್ಣುಮಗುವಿಗೆ ಕೈ ಮುಗಿದವನು ಊರಿಗೆ ಬಂದು ಮನೆಯ ಹೆಣ್ಣುಮಗಳ ಮೇಲೆ ಕೈ ಎತ್ತಿದರೆ, ಅವನು ಬೆಟ್ಟಕ್ಕೆ ಹೋಗಿ ಬಂದದ್ದು ಕಾಲು ಮಾತ್ರ, ಮನಸ್ಸಲ್ಲ.

ಶರಣ ಬಂಧುಗಳೇ, ಇದನ್ನು ಯಾರೋ ಕೆಲವರ ಮನೆಯ ಮಾತು ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ಮದುವೆಯಾದ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾರೆ. ಇಡೀ ದೇಶದ ಲೆಕ್ಕ ಸುಮಾರು ಶೇ. 29. ಬಸವಣ್ಣನವರ ನಾಡು, ಅಕ್ಕಮಹಾದೇವಿಯ ನಾಡು ಎಂದು ಹೇಳಿಕೊಳ್ಳುವ ನಾವು ಈ ಲೆಕ್ಕದಲ್ಲಿ ದೇಶಕ್ಕಿಂತ ಮುಂದಿದ್ದೇವೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ನಮ್ಮ ಧರ್ಮ ಇದಕ್ಕೆ ಏನು ಹೇಳುತ್ತದೆ? ಬಾಲಕ ಬಸವಣ್ಣ ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೂ ಬೇಡವೆಂದು ಉಪನಯನ ನಿರಾಕರಿಸಿದ ಎಂಬುದು ನಾವೆಲ್ಲ ಕೇಳಿಕೊಂಡು ಬಂದ ಕಥೆ. ಗಂಡು ಎಂಬ ಕಾರಣಕ್ಕೆ ಸಿಗುವ ಹೆಚ್ಚುಗಾರಿಕೆಯನ್ನು ಬೇಡ ಅನ್ನುವುದು, ಇದು ಲಿಂಗಾಯತದಲ್ಲಿ ಗಂಡಸುತನದ ಮೊದಲ ಪಾಠ. ಹೆಣ್ಣು ಗಂಡು ಎಂಬ ಭೇದ ದೇಹದ ಗುರುತಿಗೇ ಹೊರತು ಒಳಗಿರುವ ಆತ್ಮಕ್ಕಲ್ಲ ಎಂಬುದು ಜೇಡರ ದಾಸಿಮಯ್ಯನವರ ನಿಲುವು. ಅದಕ್ಕೇ ಇಷ್ಟಲಿಂಗದಲ್ಲಿ ಗಂಡಿಗೊಂದು ಹೆಣ್ಣಿಗೊಂದು ಎಂಬುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಶರಣ ಸತಿ, ಲಿಂಗ ಪತಿ ಎಂಬುದು ನಮ್ಮ ಸಿದ್ಧಾಂತ. ಉರಿಲಿಂಗದೇವರು ಗಂಡಸಾಗಿದ್ದುಕೊಂಡೇ ಸತಿಭಾವದಲ್ಲಿ ವಚನ ಬರೆದರು. ಲಿಂಗ ಧರಿಸಿದ ಮೇಲೆ ಲಿಂಗದ ಮುಂದೆ ನಾವೆಲ್ಲರೂ ಸತಿಯರೇ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ನಾನು ಸತಿ ಎಂದವನು, ಪೂಜೆ ಮುಗಿಸಿ ಎದ್ದ ಕೂಡಲೇ ‘ನಾನು ಗಂಡಸು ಕಣೇ’ ಎಂದು ಅಡುಗೆಮನೆಯ ಕಡೆ ಗದರಿದರೆ ಆ ಪೂಜೆ ಯಾರಿಗೆ ತಲುಪಿತು?

ಆಯ್ದಕ್ಕಿ ಮಾರಯ್ಯನವರನ್ನು ನೆನೆಯಿರಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದರು. ಹೆಂಡತಿ ಲಕ್ಕಮ್ಮ ಅದು ಆಸೆ ಎಂದು ಎಚ್ಚರಿಸಿ, ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬನ್ನಿ ಎಂದರು. ಮಾರಯ್ಯನವರು ಹಾಗೇ ಮಾಡಿದರು. ಹೇಳಿದ ಲಕ್ಕಮ್ಮನನ್ನು ನಾವು ಹೊಗಳುತ್ತೇವೆ. ಕೇಳಿದ ಮಾರಯ್ಯನನ್ನೂ ಹೊಗಳಬೇಕು. ‘ನನಗೇ ಬುದ್ಧಿ ಹೇಳ್ತೀಯಾ?’ ಎಂಬ ಒಂದು ಮಾತು ಅವರ ಬಾಯಲ್ಲಿ ಬಂದಿದ್ದರೆ ಆ ಮನೆ ಇತಿಹಾಸದಲ್ಲಿ ಉಳಿಯುತ್ತಿರಲಿಲ್ಲ. ಹೆಂಡತಿಯ ಮಾತು ಕೇಳಿ ತಿರುಗಿ ನಡೆದ ಆ ಹೆಜ್ಜೆಗಳಲ್ಲಿ ಗಂಡಸುತನ ಇದೆ.

ಇವತ್ತಿನ ನೀಲೇಗೌಡ ಕೈಚಾಚಿ ಭಾಷೆ ಕೇಳುವುದಿಲ್ಲ, ಮೊಬೈಲ್ ಕೇಳುತ್ತಾನೆ. ಯಾರ ಜೊತೆ ಮಾತು, ಯಾಕೆ ತಡ, ಫೋನ್ ಕೊಡು ನೋಡೋಣ ಅನ್ನುತ್ತಾನೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನ ಅದನ್ನು ಕಿತ್ತುಕೊಂಡು ಬಾರಿಗೆ ಹೋಗುತ್ತಾನೆ. ಅಕ್ಕ ತಂಗಿಯರ ಮುಂದೆ ಹಕ್ಕು ಬಿಟ್ಟುಕೊಡುವ ಪತ್ರ ಇಟ್ಟು, ತವರು ಬೇಕೋ ಜಮೀನು ಬೇಕೋ ಎಂದು ಕೇಳುತ್ತಾನೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಅಕ್ಕನಿಗಿಲ್ಲದ್ದು ನನಗೂ ಬೇಡ ಎಂದ ಬಸವಣ್ಣನ ಫೋಟೊ ಗೋಡೆಯ ಮೇಲಿದೆ. ಅದರ ಕೆಳಗೆ ಕೂತೇ ತಂಗಿಯ ಸಹಿ ಹಾಕಿಸಿಕೊಳ್ಳುತ್ತೇವೆ.

ಗಂಡಸರ ಕಷ್ಟವೂ ನನಗೆ ಕಾಣದೆ ಇಲ್ಲ. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಹತ್ತು ಜನರಲ್ಲಿ ಸುಮಾರು ಏಳು ಜನ ಗಂಡಸರು. ಅರಿಸಿನದ ಬೆಲೆ ಬಿದ್ದಿದೆ, ಬೋರ್‌ವೆಲ್ ಬತ್ತಿದೆ, ಕೈಸಾಲದ ಬಡ್ಡಿ ಬೆಳೆಯುತ್ತಿದೆ. ಮನೆಯಲ್ಲಿ ಹೇಳಿಕೊಂಡರೆ ಗಂಡಸುತನಕ್ಕೆ ಕಡಿಮೆ ಎಂದು ಒಳಗೇ ನುಂಗುತ್ತಾನೆ. ಗಂಡೈಕ ಅಳಬಾರದು ಎಂದು ಐದನೇ ವಯಸ್ಸಿನಲ್ಲಿ ಹೇಳಿದ ಮಾತು ನಲವತ್ತೈದನೇ ವಯಸ್ಸಿನಲ್ಲಿ ಅವನ ಕೊರಳಿಗೆ ಬರುತ್ತದೆ. ಸಾಲದ ವಿಷಯ ಹೆಂಡತಿಗೆ ಹೇಳಿ, ಇಬ್ಬರೂ ಕೂತು ಲೆಕ್ಕ ಹಾಕಿ ಎಷ್ಟು ಮನೆಗಳು ಉಳಿದುಕೊಂಡಿಲ್ಲ? ಹೆಂಡತಿಯನ್ನು ನಂಬುವ ಎದೆ ಇದ್ದರೆ ಅವಳ ಜೀವ ಮಾತ್ರವಲ್ಲ, ನಿಮ್ಮ ಜೀವವೂ ಉಳಿಯುತ್ತದೆ.

ಹಾಗಾದರೆ ಏನು ಮಾಡೋಣ? ತಾಯಂದಿರೇ, ಮಗ ಬಿದ್ದು ಅತ್ತರೆ ಅಳಲು ಬಿಡಿ. ಉಂಡ ತಟ್ಟೆಯನ್ನು ಮಗಳ ಹಾಗೆ ಮಗನೂ ತೊಳೆಯಲಿ. ಯಜಮಾನರೇ, ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಗಂಡಹೆಂಡಿರ ಜಗಳ ಎಂದು ಬಾಗಿಲು ಹಾಕಿಕೊಳ್ಳಬೇಡಿ, ಹೋಗಿ ಬಾಗಿಲು ತಟ್ಟಿ. ನೊಂದ ತಾಯಂದಿರಿಗೆ 181 ಸಹಾಯವಾಣಿ ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ನ್ಯಾಯ ಪಂಚಾಯಿತಿಗೆ ಕೂರುವ ಹಿರಿಯರು ‘ಹೊಂದಿಕೊಂಡು ಹೋಗಮ್ಮ’ ಎಂದು ಅವಳಿಗೆ ಹೇಳುವ ಮೊದಲು, ‘ಕೈ ಇಳಿಸಪ್ಪ’ ಎಂದು ಅವನಿಗೆ ಹೇಳಲಿ. ಇದು ಮಠಗಳ ಕೆಲಸವೂ ಹೌದು. ಲಿಂಗದೀಕ್ಷೆ ಕೊಡುವಾಗ ಮಾಂಸ ಮದ್ಯ ಬಿಡುವ ಮಾತು ತೆಗೆದುಕೊಳ್ಳುವಂತೆ, ಹೆಣ್ಣಿನ ಮೇಲೆ ಕೈ ಎತ್ತುವುದಿಲ್ಲ ಎಂಬ ಮಾತನ್ನೂ ಗಂಡುಮಕ್ಕಳಿಂದ ತೆಗೆದುಕೊಳ್ಳಬೇಕೆಂದು ಪೂಜ್ಯರಲ್ಲಿ ಕೈಮುಗಿದು ಕೇಳುತ್ತೇನೆ.

ಹೆಣ್ಣಿನಿಂದ ಆಣೆ ಕೇಳಿದ್ದು ಸಾಕು. ಇನ್ನು ಆಣೆ ಇಡುವ ಸರದಿ ನಮ್ಮದು.