ಪಂಕ್ತಿಯ ಊಟ

ಪುಷ್ಯ ಮಾಸದ ಹುಣ್ಣಿಮೆ ಸಮೀಪಿಸಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಹಳ್ಳಿಗಳಲ್ಲಿ ಹರಕೆಯ ಮರಿಯ ಮಾತು ಕೇಳಬರುತ್ತದೆ. ಮಂಟೇಸ್ವಾಮಿಯ ಒಕ್ಕಲಿನವರು ರಾಗಿಹಿಟ್ಟು, ಪಾತ್ರೆ, ಸೌದೆಗಳೊಡನೆ ಚಿಕ್ಕಲ್ಲೂರಿಗೆ ಹೊರಡುತ್ತಾರೆ. ಅಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ಐದು ದಿನ. ಮೊದಲ ಇರುಳು ಚಂದ್ರಮಂಡಲ ಉರಿಯುತ್ತದೆ. ನಾಲ್ಕನೆಯ ದಿನ ಪಂಕ್ತಿಸೇವೆ.

ಇಲ್ಲಿ ಸೇವೆಯೆಂದರೆ ಅಡುಗೆಯೇ. ಬಿಡಾರದ ಮುಂದೆ ಕಲ್ಲಿನ ಒಲೆ ಹೂಡಿ, ಮಾಂಸ ಬೇಯಿಸಿ, ಮುದ್ದೆ ಕಟ್ಟಿ, ನೆಂಟರೊಡನೆಯೂ ಅಪರಿಚಿತರೊಡನೆಯೂ ಸಾಲಾಗಿ ಕುಳಿತು ಉಣ್ಣುವುದು. ಪಂಕ್ತಿಯೆಂಬುದು ನಮ್ಮಲ್ಲಿ ಬಹುಕಾಲ ಜನರನ್ನು ಬೇರ್ಪಡಿಸಿದ ಮಾತು; 'ಪಂಕ್ತಿಭೇದ'ವೆಂಬ ಪದವೇ ಅದಕ್ಕೆ ಸಾಕ್ಷಿ. ಈ ಒಕ್ಕಲು ಅದೇ ಮಾತನ್ನು ಭೇದವಿಲ್ಲದ ಊಟಕ್ಕೆ ಹೆಸರಾಗಿಸಿಕೊಂಡಿತು.

ಈಚಿನ ವರ್ಷಗಳಲ್ಲಿ ಈ ಒಲೆಯ ಸುತ್ತ ವಿವಾದವೆದ್ದಿದೆ. ದೇವಾಲಯದಲ್ಲೂ ಅದರ ಆವರಣದಲ್ಲೂ ದೇವರ ಪ್ರೀತ್ಯರ್ಥವಾಗಿ ಪ್ರಾಣಿಬಲಿ ಕೊಡುವುದನ್ನು 1959ರ ಕಾಯಿದೆ ನಿಷೇಧಿಸುತ್ತದೆ. ಅದನ್ನು ಮುಂದಿಟ್ಟು ಅಧಿಕಾರಿಗಳು ಮರಿಗಳನ್ನು ತಡೆದಿದ್ದಾರೆ. ನಾವು ಗುಡಿಯಲ್ಲಿ ಬಲಿ ಕೊಡುವುದಿಲ್ಲ, ಬಿಡಾರದಲ್ಲಿ ಬೇಯಿಸಿ ಉಣ್ಣುತ್ತೇವೆ ಎಂಬುದು ಒಕ್ಕಲಿನ ಉತ್ತರ.

ಪ್ರಾಣಿದಯೆಯ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪೇಟೆಯ ಮಾಂಸದೂಟವೆಲ್ಲ ನಿರಾತಂಕವಾಗಿ ಸಾಗುತ್ತಿರುವಾಗ, ಬಯಲಿನಲ್ಲಿ ಎಲ್ಲರೊಡನೆ ಹಂಚಿಕೊಳ್ಳುವ ಊಟವೊಂದನ್ನೇ ಆರಿಸಿ ತಡೆಯುವುದು ದಯೆಯೆನಿಸೀತೇ?

ಚಿಕ್ಕಲ್ಲೂರಿಗೆ ಹೋದವರು ಗುಡಿಯನ್ನಷ್ಟೇ ನೋಡಿ ಹಿಂದಿರುಗಬಾರದು. ಯಾವುದಾದರೊಂದು ಬಿಡಾರದ ಮುಂದೆ ನಿಂತರೆ ಎಲೆ ಹಾಕಿ ಕೂರಿಸುತ್ತಾರೆ. ಪಕ್ಕದ ಎಲೆಯವರ ಕುಲವನ್ನು ಅಲ್ಲಿ ಕೇಳುವ ಪದ್ಧತಿಯಿಲ್ಲ.